ಏನಿದು ಕರ್ನೆಲ್? ಒಂದೇ ಅಪ್‌ಡೇಟ್‌ಗೆ 85 ಲಕ್ಷ ಕಂಪ್ಯೂಟರ್ ಕೆಟ್ಟು ನಿಂತಿದ್ದೇಕೆ?

2024ರ ಜುಲೈ 19ರಂದು ದೆಹಲಿ, ಮುಂಬೈ, ಬೆಂಗಳೂರು, ಹೈದರಾಬಾದ್ ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟು, ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ನೀಡಬೇಕಾಯಿತು. ಮೈಕ್ರೋಸಾಫ್ಟ್ ಅಂದಾಜಿನಂತೆ ಅಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಸ್ಥಗಿತಗೊಂಡವು. ಇದು ಸೈಬರ್ ದಾಳಿಯಲ್ಲ. ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ಕಳುಹಿಸಿದ ಒಂದು ಅಪ್‌ಡೇಟ್‌ನ ಎಡವಟ್ಟು. ಒಂದು ಸಾಫ್ಟ್‌ವೇರ್ ಕೆಟ್ಟರೆ ಇಡೀ ಕಂಪ್ಯೂಟರ್ ಏಕೆ ಬೀಳಬೇಕು? ಉತ್ತರ ಇರುವುದು ‘ಕರ್ನೆಲ್’ನಲ್ಲಿ.

ಕರ್ನೆಲ್ ಎಂದರೇನು?

ಆಪರೇಟಿಂಗ್ ಸಿಸ್ಟಂನ ಒಳತಿರುಳೇ ಕರ್ನೆಲ್. ಮೆಮೊರಿ ಹಂಚುವುದು, ಯಾವ ಪ್ರೋಗ್ರಾಂಗೆ ಪ್ರೊಸೆಸರ್ ಯಾವಾಗ ಸಿಗಬೇಕೆಂದು ನಿರ್ಧರಿಸುವುದು, ಹಾರ್ಡ್‌ವೇರ್ ನಿಯಂತ್ರಿಸುವುದು ಇದರ ಕೆಲಸ. ಬ್ರೌಸರ್, ವರ್ಡ್, ಗೇಮ್‌ಗಳಂಥ ಆ್ಯಪ್‌ಗಳು ಓಡುವ ಜಾಗ ‘ಯೂಸರ್ ಸ್ಪೇಸ್’. ಈ ಎರಡರ ನಡುವಿನ ಗಡಿಯನ್ನು ಪ್ರೊಸೆಸರ್ ಕಾಯುತ್ತದೆ. ಬ್ರೌಸರ್ ತಪ್ಪು ಮಾಡಿದರೆ ಬ್ರೌಸರ್ ಮಾತ್ರ ಮುಚ್ಚಿಕೊಳ್ಳುತ್ತದೆ. ಕರ್ನೆಲ್‌ನೊಳಗೆ ತಪ್ಪಾದರೆ ದತ್ತಾಂಶ ಹಾಳಾಗದಿರಲೆಂದು ವಿಂಡೋಸ್ ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ. ನೀಲಿ ಪರದೆ ಕಾಣಿಸುತ್ತಿದ್ದುದು ಆಗಲೇ.

ಅಂದು ಆಗಿದ್ದೇನು?

ಕ್ರೌಡ್‌ಸ್ಟ್ರೈಕ್‌ನ ಫಾಲ್ಕನ್ ಸಾಫ್ಟ್‌ವೇರ್‌ನ ಒಂದು ಭಾಗ ಕರ್ನೆಲ್ ಒಳಗಿತ್ತು. ಅದು ಒದಗಿಸುತ್ತಿದ್ದ ಮಾಹಿತಿ 20, ಹೊಸ ಫೈಲ್ ಕೇಳಿದ್ದು 21. ಇಲ್ಲದ 21ನೆಯದನ್ನು ಓದಲು ಹೋದಾಗ ಸಿಸ್ಟಂ ಕುಸಿಯಿತು. ಈ ಭಾಗ ಕಂಪ್ಯೂಟರ್ ಆನ್ ಆಗುವಾಗಲೇ ಚಾಲೂ ಆಗುತ್ತಿದ್ದುದರಿಂದ ರೀಸ್ಟಾರ್ಟ್ ಮಾಡಿದರೂ ಮತ್ತೆ ನೀಲಿ ಪರದೆಯೇ. ಕಂಪನಿ 78 ನಿಮಿಷಗಳಲ್ಲಿ ಅಪ್‌ಡೇಟ್ ಹಿಂಪಡೆಯಿತು. ಆದರೆ ಅಷ್ಟರಲ್ಲಿ ಕೆಟ್ಟಿದ್ದ ಅನೇಕ ಯಂತ್ರಗಳಲ್ಲಿ ಆ ಫೈಲನ್ನು ಒಂದೊಂದಾಗಿ ಅಳಿಸಬೇಕಾಯಿತು.

ಹಾಗಿದ್ದರೆ ಒಳಗೆ ಬಿಡುವುದೇಕೆ?

ಕಾರಣ ಎರಡು: ಅಧಿಕಾರ ಮತ್ತು ವೇಗ. ಕರ್ನೆಲ್‌ನಲ್ಲಿರುವ ಭದ್ರತಾ ಸಾಫ್ಟ್‌ವೇರ್ ಎಲ್ಲ ಚಟುವಟಿಕೆಯನ್ನೂ ನೋಡಬಲ್ಲದು. ವೈರಸ್‌ಗಿಂತ ಮೊದಲೇ ಶುರುವಾಗಬಲ್ಲದು. ಇನ್ನು, ಗಡಿ ದಾಟುವ ಪ್ರತಿ ಬಾರಿಯೂ ಪ್ರೊಸೆಸರ್‌ನ ಸಮಯ ವ್ಯಯವಾಗುತ್ತದೆ. ವೇಗಕ್ಕಾಗಿಯೇ 1996ರ ವಿಂಡೋಸ್ ಎನ್‌ಟಿ 4.0ರಲ್ಲಿ ಗ್ರಾಫಿಕ್ಸ್‌ನ ಮುಖ್ಯ ಭಾಗಗಳನ್ನು ಕರ್ನೆಲ್ ಒಳಗೆ ತರಲಾಯಿತು.

ಹಳೆಯ ಜಗಳ

1992ರಲ್ಲಿ ಮಿನಿಕ್ಸ್ ರೂಪಿಸಿದ ಪ್ರೊಫೆಸರ್ ಆಂಡ್ರ್ಯೂ ಟ್ಯಾನೆನ್‌ಬಾಮ್ ಮತ್ತು ಲಿನಕ್ಸ್ ರೂಪಿಸಿದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ನಡುವೆ ಇದೇ ವಿಷಯಕ್ಕೆ ಜಟಾಪಟಿ ನಡೆದಿತ್ತು. ಕರ್ನೆಲ್ ಆದಷ್ಟು ಚಿಕ್ಕದಿರಬೇಕು ಎಂಬುದು ಟ್ಯಾನೆನ್‌ಬಾಮ್ ವಾದ. ಟೋರ್ವಾಲ್ಡ್ಸ್ ಡ್ರೈವರ್, ಫೈಲ್ ಸಿಸ್ಟಂ ಎಲ್ಲವನ್ನೂ ಒಳಗೇ ಇಟ್ಟರು. ಜರ್ಮನಿಯ ವಿಜ್ಞಾನಿ ಯೋಖೆನ್ ಲೀಡ್ಕೆ 1995ರಲ್ಲಿ ಒಂದು ಅಳತೆಗೋಲು ಕೊಟ್ಟರು: ಹೊರಗಿಟ್ಟರೆ ವ್ಯವಸ್ಥೆಗೆ ಬೇಕಾದ ಕೆಲಸವೇ ಆಗುವುದಿಲ್ಲ ಎನ್ನುವಂಥದ್ದಕ್ಕೆ ಮಾತ್ರ ಕರ್ನೆಲ್‌ನಲ್ಲಿ ಜಾಗ.

ಈಗ ಏನಾಗುತ್ತಿದೆ?

ಕಂಪನಿಗಳು ನಿಧಾನವಾಗಿ ಆ ದಿಕ್ಕಿನಲ್ಲೇ ಸಾಗುತ್ತಿವೆ. ಆ್ಯಪಲ್ 2019ರ ಮ್ಯಾಕ್‌ಒಎಸ್ ಕ್ಯಾಟಲಿನಾದಲ್ಲೇ ಭದ್ರತಾ ಸಾಫ್ಟ್‌ವೇರ್‌ಗಳಿಗೆ ಯೂಸರ್ ಸ್ಪೇಸ್‌ನಿಂದ ಕೆಲಸ ಮಾಡುವ ದಾರಿ ಒದಗಿಸಿತು. ಲಿನಕ್ಸ್‌ನಲ್ಲಿ ‘ಇ-ಬಿಪಿಎಫ್’ ಎಂಬ ವ್ಯವಸ್ಥೆಯಿದೆ; ಇದರಲ್ಲಿ ಹೊರಗಿನ ಕೋಡ್ ಅನ್ನು ಮೊದಲು ಪರಿಶೀಲಿಸಿ, ಅನಂತರವಷ್ಟೇ ಕರ್ನೆಲ್‌ನಲ್ಲಿ ಓಡಲು ಬಿಡಲಾಗುತ್ತದೆ. ಆ್ಯಂಟಿವೈರಸ್‌ಗಳು ಕರ್ನೆಲ್‌ನ ಹೊರಗಿನಿಂದಲೇ ಕೆಲಸ ಮಾಡುವಂತೆ ವಿಂಡೋಸ್‌ನಲ್ಲಿ ವ್ಯವಸ್ಥೆ ತರುವುದಾಗಿ ಮೈಕ್ರೋಸಾಫ್ಟ್ 2024ರ ನವೆಂಬರ್‌ನಲ್ಲಿ ಘೋಷಿಸಿತು. 2025ರ ಜುಲೈನಲ್ಲಿ ಆಯ್ದ ಭದ್ರತಾ ಕಂಪನಿಗಳಿಗೆ ಅದರ ಪ್ರಾಯೋಗಿಕ ಆವೃತ್ತಿ ನೀಡುವುದಾಗಿಯೂ ತಿಳಿಸಿತ್ತು.

ಬಳಕೆದಾರರು ಗಮನಿಸಬೇಕಾದ್ದೇನು?

ಆ್ಯಂಟಿವೈರಸ್‌ಗಳಲ್ಲದೆ, ವ್ಯಾಲೊರಂಟ್‌ನಂಥ ಗೇಮ್‌ಗಳಲ್ಲಿ ಮೋಸ ತಡೆಯುವ ಸಾಫ್ಟ್‌ವೇರ್ ಕೂಡ ಕರ್ನೆಲ್ ಮಟ್ಟದ ಡ್ರೈವರ್ ಬಳಸುತ್ತದೆ. ಇಂಥವನ್ನು ಇನ್‌ಸ್ಟಾಲ್ ಮಾಡುವ ಮುನ್ನ ಯಾವ ಕಂಪನಿಯದ್ದು, ನಿಜಕ್ಕೂ ಬೇಕೇ ಎಂದು ನೋಡಿಕೊಳ್ಳುವುದು ಒಳಿತು. ಬೇಡವಾದಾಗ ಅನ್‌ಇನ್‌ಸ್ಟಾಲ್ ಮಾಡುವುದನ್ನೂ ಮರೆಯಬಾರದು.