ಕಲ್ಲಚ್ಚಿನಿಂದ ಬಾಲೂ ತಮ್ಮನವರೆಗೆ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದಾಗ ಅದರಲ್ಲಿ ಅಚ್ಚುಮೊಳೆಯ ಕೆಲಸವಿರಲಿಲ್ಲ. ಹರ್ಮನ್ ಮೋಗ್ಲಿಂಗ್ ಅದನ್ನು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ತೆಗೆದರು, ಕೈಬರಹವೇ ಪುಟವಾಗುತ್ತಿತ್ತು. ಮೊಳೆಗಳು ಬಂದ ಮೇಲೆ ಅದೇ ಪ್ರೆಸ್ಸು 1894ರಲ್ಲಿ ಕಿಟೆಲ್ ನಿಘಂಟಿನ 1,700ಕ್ಕೂ ಹೆಚ್ಚು ಪುಟಗಳನ್ನು ಮುದ್ರಿಸಿತು. ಓದುವ ಅಕ್ಷರದಲ್ಲಿ ಮಂಗಳೂರು ಹೀಗೆ ಪಳಗಿತು. ಆದರೆ ಗೋಡೆಯಿಂದ, ಬಸ್ಸಿನ ನೆತ್ತಿಯಿಂದ ಕೂಗಿ ಕರೆಯುವ ದಪ್ಪ, ತುಂಟ ಶೀರ್ಷಿಕೆ ಅಕ್ಷರ ಬಹುಕಾಲ ಕಲಾವಿದರ ಕುಂಚದಲ್ಲೇ ಉಳಿಯಿತು.

ಕಾರಣ ಲಿಪಿಯಲ್ಲೇ ಇದೆ. ‘ಹಂಪನಕಟ್ಟೆ’ ಎಂದು ದಪ್ಪವಾಗಿ ಬರೆದು ನೋಡಿ. ತಲೆಕಟ್ಟು ಮೇಲೆ, ಒತ್ತು ಕೆಳಗೆ. ಗೆರೆ ದಪ್ಪವಾದಷ್ಟೂ ಅಕ್ಷರದ ಹೊಟ್ಟೆಯೊಳಗಿನ ಬಿಳಿ ಮುಚ್ಚುತ್ತ ಬರುತ್ತದೆ. ಬಸ್ ಬೋರ್ಡಿನ ‘ಸ್ಟೇಟ್‌ಬ್ಯಾಂಕ್’ ಇನ್ನೂ ಕಷ್ಟ. ಕುಂಚ ಹಿಡಿದವರು ಒತ್ತನ್ನು ಕುಗ್ಗಿಸಿ ಪಕ್ಕದ ಅಕ್ಷರದ ಬಗಲಿಗೆ ತೂರಿಸಬಲ್ಲರು. ಸೀಸದ ಮೊಳೆಗೆ ಆ ಸ್ವಾತಂತ್ರ್ಯವಿಲ್ಲ. ಗುಣಿತಾಕ್ಷರಕ್ಕೂ ಒತ್ತಿಗೂ ಬೇರೆ ಬೇರೆ ಮೊಳೆ ಬೇಕು. ಅವುಗಳನ್ನು ದೊಡ್ಡ ಅಳತೆಯಲ್ಲಿ, ಹಲವು ಶೈಲಿಗಳಲ್ಲಿ ಇಟ್ಟುಕೊಳ್ಳುವುದು ಸಣ್ಣ ಪ್ರೆಸ್ಸುಗಳ ಕೈಲಾಗದ ಮಾತು. ಶೀರ್ಷಿಕೆಯನ್ನು ಕಲಾವಿದರಿಂದ ಬರೆಸಿ ಬ್ಲಾಕ್ ಮಾಡಿಸುವುದು ರೂಢಿಯಾಯಿತು. ಕನ್ನಡದ ನಿಜವಾದ ಶೀರ್ಷಿಕೆ ವಿನ್ಯಾಸ ಬೆಳೆದದ್ದು ಅಲ್ಲೇ ಎಂಬುದು ನನ್ನ ನಂಬಿಕೆ. ಆ ಕಲಾವಿದರಲ್ಲಿ ಬಹುಪಾಲು ಮಂದಿಯ ಹೆಸರು ಯಾವ ಪುಟದಲ್ಲೂ ದಾಖಲಾಗಲಿಲ್ಲವೆಂಬುದು ನೋವಿನ ಸಂಗತಿ.

ಕಂಪ್ಯೂಟರ್ ಬಂದಾಗ ಬೆರಳಿಗೆ ಕನ್ನಡ ಸುಲಭವಾಯಿತು. ಅದರಲ್ಲಿ ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದ ಪಾಲು ದೊಡ್ಡದು. 1998ರಲ್ಲಿ ‘ಬರಹ’ ಬಂತು, ಮುಂದೆ ‘ನುಡಿ’. ಶೀರ್ಷಿಕೆಗೆ ಮಾತ್ರ ಬಡತನವೇ. ಪಠ್ಯದ ಫಾಂಟನ್ನೇ ಅಡ್ಡಕ್ಕೆ ಎಳೆದು, ಸುತ್ತ ಔಟ್‌ಲೈನ್ ಕೊಟ್ಟು ಫ್ಲೆಕ್ಸಿಗೆ ಏರಿಸುವ ಚಾಳಿ ಹುಟ್ಟಿತು. ಹೊಟ್ಟೆ ಕಟ್ಟಿಹೋದ ಆ ಅಕ್ಷರಗಳು ಇವತ್ತಿಗೂ ಕಣ್ಣಿಗೆ ಚುಚ್ಚುತ್ತವೆ.

ಈ ಕೊರತೆಯನ್ನು ಎದುರಿಸಿದ್ದು ಮುಂಬೈಯ ಏಕ್ ಟೈಪ್ ಸಂಸ್ಥೆಯ ‘ಬಾಲೂ’. ಹಲವು ಭಾರತೀಯ ಲಿಪಿಗಳಿಗೆ ಹಬ್ಬಿದ ಈ ಗುಂಡು ಗುಂಡಾದ ಫಾಂಟಿನ ಕನ್ನಡ ರೂಪ ‘ಬಾಲೂ ತಮ್ಮ’. ವಿನ್ಯಾಸ ದಿವ್ಯಾ ಕೌಶಿಕ್ ಅವರದು. ಇಲ್ಲಿ ದಪ್ಪವನ್ನು ಆಮೇಲೆ ಹಚ್ಚಿಲ್ಲ, ಮೊದಲೇ ಲೆಕ್ಕಹಾಕಿದ್ದಾರೆ: ಒಳಗಿನ ಬಿಳಿ ಉಸಿರಾಡುತ್ತದೆ. ಐಸ್‌ಕ್ರೀಂ ಅಂಗಡಿಯ ಮೆನುವಿಗೆ, ಮಕ್ಕಳ ಪುಸ್ತಕದ ಮುಖಪುಟಕ್ಕೆ ಹೇಳಿಮಾಡಿಸಿದಂತಿದೆ. ಶ್ರದ್ಧಾಂಜಲಿಯ ಜಾಹೀರಾತಿಗೆ ಖಂಡಿತ ಬೇಡ. ವೈಷ್ಣವಿ ಮೂರ್ತಿ ಯೆರ್ಕಡಿತ್ತಾಯ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯ ಕನಡಕ’ ಇನ್ನೂ ಧೈರ್ಯದ್ದು. ಒಂದೇ ತೂಕ, ಪ್ರಯೋಗದ ಉತ್ಸಾಹ. ಎರಡು ಮೂರು ಪದಗಳ ಶೀರ್ಷಿಕೆಗೆ ಸೊಗಸು, ಉದ್ದದ ಪಠ್ಯಕ್ಕೆ ದಣಿವು. ಎರಡೂ ಉಚಿತ, ಮುಕ್ತ ಪರವಾನಗಿಯವು.

ವೈಷ್ಣವಿಯವರು ವಿನೋದ್ ರಾಜನ್ ಜೊತೆಗೂಡಿ ದುಡಿದ ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ 16.0 ಸೇರಿತು. ತುಳು ನಾಮಫಲಕಗಳನ್ನು ಹಾಕುವ ಹುಮ್ಮಸ್ಸು ಮಂಗಳೂರಿನಲ್ಲಿ ಈಗಾಗಲೇ ಇದೆ. ಆ ಲಿಪಿಗೂ ದಪ್ಪ ಶೀರ್ಷಿಕೆ ಫಾಂಟು ಬೇಕಾಗುವ ದಿನ ದೂರವಿಲ್ಲ. ಅದನ್ನು ರೂಪಿಸುವವರು ಒತ್ತಿನಿಂದ ಕೆಲಸ ಶುರುಮಾಡಲಿ.