ಮೆಣಸಿನ ನುಸಿಗೆ ಹೆಸರಿಟ್ಟ ಕಥೆ

ಮೆಣಸಿನ ಗಿಡದ ಎಲೆ ಮುದುಡಿದರೆ ನಮ್ಮ ರೈತರು ಅದನ್ನು ಮುಟುರು ರೋಗ ಎನ್ನುತ್ತಾರೆ. ಕಾರಣ ಕೇಳಿದರೆ 'ನುಸಿ' ಎಂಬ ಉತ್ತರ ಬರುತ್ತದೆ. ಈ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಜೀವಿಗಳಿವೆ. ಎಲೆಯ ಅಂಚು ಮೇಲಕ್ಕೆ, ದೋಣಿಯಂತೆ ಮುದುಡಿದ್ದರೆ ಸಾಮಾನ್ಯವಾಗಿ ಅದು ಆರು ಕಾಲಿನ ಕೀಟವಾದ ಥ್ರಿಪ್ಸ್‌ನ ಕೆಲಸ. ಕೆಳಕ್ಕೆ ಮುದುಡಿದ್ದರೆ ಎಂಟು ಕಾಲಿನ, ಜೇಡದ ಬಂಧುವಾದ ಮೈಟ್‌ನದು. ಒಂದನ್ನು ಕೊಲ್ಲುವ ಔಷಧ ಇನ್ನೊಂದಕ್ಕೆ ತಾಗದಿರಬಹುದು. ಹೆಸರು ತಪ್ಪಿದರೆ ಸಿಂಪರಣೆಯ ಹಣವೂ ವ್ಯರ್ಥ.

ಈ ಥ್ರಿಪ್ಸ್‌ನ ವೈಜ್ಞಾನಿಕ ಹೆಸರು ಸ್ಕಿರ್ಟೋಥ್ರಿಪ್ಸ್ ಡಾರ್ಸಾಲಿಸ್. ಕೊಯಮತ್ತೂರಿನ ಹರಳು ಮತ್ತು ಮೆಣಸಿನ ಗಿಡಗಳಲ್ಲಿ ಸಿಕ್ಕ ನಮೂನೆಗಳನ್ನು ಆಧರಿಸಿ ಅಮೆರಿಕದ ಜೆ. ಡಗ್ಲಾಸ್ ಹುಡ್ 1919ರಲ್ಲಿ ಇದನ್ನು ವರ್ಣಿಸಿದರು. ಗ್ರೀಕಿನಲ್ಲಿ 'ಸ್ಕಿರ್ಟೋ' ಎಂದರೆ ಜಿಗಿತ. ಲ್ಯಾಟಿನ್ನಿನ 'ಡಾರ್ಸಾಲಿಸ್' ಎಂದರೆ ಬೆನ್ನಿಗೆ ಸಂಬಂಧಿಸಿದ್ದು. (ಥ್ರಿಪ್ಸ್ ಎಂಬುದು ಏಕವಚನವೂ ಹೌದು, ಬಹುವಚನವೂ ಹೌದು. 'ಒಂದು ಥ್ರಿಪ್' ಎಂದು ಬರೆಯುವ ವಿದ್ಯಾರ್ಥಿಯನ್ನು ತಿದ್ದಬೇಕು.)

ಕೀಟದ ಉದ್ದ ಸುಮಾರು ಒಂದು ಮಿಲಿಮೀಟರ್. ಇಷ್ಟು ಸಣ್ಣ ದೇಹದಲ್ಲಿ ಗುರುತು ಹುಡುಕುವಾಗ ಗೊಂದಲವಾಗದೆ ಇರುತ್ತದೆಯೆ? ಅದೇ 1919ರಲ್ಲಿ ಬ್ಯಾಗ್ನಲ್ ಇದಕ್ಕೆ ಹೆಲಿಯೋಥ್ರಿಪ್ಸ್ ಮಿನುಟಿಸಿಮಸ್ ಎಂದು ಹೆಸರಿಟ್ಟರು. 1925ರಲ್ಲಿ ಕಾರ್ನಿ ಇನ್ನೊಂದು ಹೆಸರು ಕೊಟ್ಟರು. 1927ರಲ್ಲಿ ಆಸ್ಟ್ರೇಲಿಯದ ಜಿರಾಲ್ಟ್, ಸ್ಟ್ರಾಬೆರಿಯನ್ನು ನೆನಪಿಸುವ ಮತ್ತೊಂದನ್ನು. ಇವೆಲ್ಲ ಒಂದೇ ಪ್ರಭೇದ ಎಂದು ತೀರ್ಮಾನವಾದಾಗ ಆದ್ಯತೆಯ ನಿಯಮದಂತೆ ಹುಡ್ ಕೊಟ್ಟ ಹೆಸರೇ ಉಳಿಯಿತು.

ಆದರೆ 2015ರಲ್ಲಿ ಕಥೆ ತಿರುಗುಮುರುಗಾಯಿತು. ಡಿಎನ್ಎ ಹೋಲಿಸಿ ನೋಡಿದಾಗ ಆ ಒಂದು ಹೆಸರಿನೊಳಗೆ, ಕಣ್ಣಿಗೆ ಒಂದೇ ತೆರನಾಗಿ ಕಾಣುವ ಕನಿಷ್ಠ ಒಂಬತ್ತು ಪ್ರಭೇದಗಳು ಅಡಗಿವೆ ಎಂದು ತಿಳಿಯಿತು! ಅವುಗಳಲ್ಲಿ 'ದಕ್ಷಿಣ ಏಷ್ಯ 1' ಎಂಬುದು ಹಲವು ಬೆಳೆಗಳನ್ನು ತಿನ್ನುತ್ತ ದೂರದೂರಕ್ಕೆ ಹರಡಿದೆ. ಹಲವು ತಮ್ಮ ತಮ್ಮ ಪ್ರದೇಶದಲ್ಲೇ ಉಳಿದಿವೆ.

ಹಾಗಾದರೆ ಡಾರ್ಸಾಲಿಸ್ ಎಂಬ ಹೆಸರು ಯಾವುದಕ್ಕೆ ಸಲ್ಲಬೇಕು? ಹೆಸರು ವರ್ಣನೆಗಲ್ಲ, ಕಾಯ್ದಿಟ್ಟ ಮೂಲ ನಮೂನೆಗೆ ಅಂಟಿಕೊಂಡಿರುತ್ತದೆ. ಭೌತವಿಜ್ಞಾನದವನಾದ ನನಗೆ ಇದು ಪ್ಯಾರಿಸ್ ಬಳಿಯ ಕಿಲೋಗ್ರಾಮ್ ತುಂಡನ್ನು ನೆನಪಿಸುತ್ತದೆ. 2019ರಲ್ಲಿ ನಾವು ಆ ಲೋಹದ ತುಂಡನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕಕ್ಕೆ ಬಂದೆವು. ಜೀವವಿಜ್ಞಾನಿಗಳಿಗೆ ಅಂಥ ಸ್ಥಿರಾಂಕವಿಲ್ಲ. ಗಾಜಿನ ಪಟ್ಟಿಯ ಮೇಲಿನ ನೂರು ವರ್ಷ ಹಳೆಯ ಕೀಟವೇ ಅವರಿಗೆ ಪ್ರಮಾಣ.

ಈ ಚರ್ಚೆ ಪ್ರಯೋಗಾಲಯಕ್ಕೆ ಸೀಮಿತವಲ್ಲ. 2003ರಲ್ಲಿ ಕೆರಿಬಿಯನ್ನಿನ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ, 2005ರಲ್ಲಿ ಫ್ಲಾರಿಡದಲ್ಲಿ ಈ ಕೀಟ ಕಾಣಿಸಿಕೊಂಡಿತು. ಬಂದರಿನಲ್ಲಿ ಗಿಡಗಳನ್ನು ತಪಾಸಣೆ ಮಾಡುವ ಅಧಿಕಾರಿಯ ಪಟ್ಟಿಯಲ್ಲಿರುವುದು ಒಂದೇ ಹೆಸರು. ಸೂಕ್ಷ್ಮದರ್ಶಕದ ಕೆಳಗಿರುವುದು ಒಂಬತ್ತರಲ್ಲಿ ಯಾವುದೆಂದು ಬರಿಗಣ್ಣಿನ ಹೋಲಿಕೆಯಿಂದ ಅವರು ಹೇಳಲಾರರು.