ಮಳೆ, ಮೈಲುತುತ್ತು ಮತ್ತು ಸುಣ್ಣ

ಮಳೆ ಕಂಡಾಗ ಅದು ಪ್ರಯೋಜನಕಾರಿ ಮಳೆಯಾಗಲಿ ಎಂದು ಪ್ರವಾದಿ ಮುಹಮ್ಮದ್(ಸ)ರು ಪ್ರಾರ್ಥಿಸುತ್ತಿದ್ದರೆಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಇನ್ನೊಂದು ಸಂದರ್ಭದಲ್ಲಿ ವಾರವಿಡೀ ಬಿಡದೆ ಸುರಿದ ಮಳೆಗೆ ಮದೀನಾದ ಜನ ಕಂಗೆಟ್ಟರು. ಆಗ ಪ್ರವಾದಿವರ್ಯರು(ಸ) ಮಳೆಯು ತಮ್ಮ ಮೇಲೆ ಬೀಳದೆ ಸುತ್ತಲಿನ ಗುಡ್ಡ ಕಣಿವೆಗಳ ಮೇಲೆ ಬೀಳಲಿ ಎಂದು ಬೇಡಿಕೊಂಡರೆಂಬುದನ್ನು ಅನಸ್(ರ)ರು ಹೇಳಿದ್ದಾರೆ. ಈ ಎರಡನೆಯ ಪ್ರಾರ್ಥನೆಯ ಅರ್ಥವನ್ನು ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಅಡಿಕೆ ಕೃಷಿಕರಿಗೆ ಯಾರೂ ವಿವರಿಸಬೇಕಾಗಿಲ್ಲ. ಆಟಿಯ ಮಳೆ ಹತ್ತು ದಿನ ಕಣ್ಣು ಬಿಡದಿದ್ದರೆ ಎಳೆಯ ಅಡಿಕೆ ಕೊಳೆತು ಮರದ ಬುಡದಲ್ಲಿ ರಾಶಿ ಬೀಳುತ್ತದೆ. ತೋಟದ ಒಡೆಯ ಜೈನನಿರಲಿ, ಮರ ಹತ್ತುವವನು ಇನ್ನಾರೇ ಇರಲಿ, ಪೇಟೆಯಲ್ಲಿ ಅಡಿಕೆ ಕೊಳ್ಳುವ ವ್ಯಾಪಾರಿ ಬ್ಯಾರಿಯಿರಲಿ, ಆ ವರ್ಷದ ನಷ್ಟ ಎಲ್ಲರ ಮನೆಯನ್ನೂ ತಟ್ಟುತ್ತದೆ.

ಪವಿತ್ರ ಕುರ್‌ಆನ್ ಮಳೆಯನ್ನು ಅನುಗ್ರಹವೆಂದೂ ಶುದ್ಧೀಕರಿಸುವ ನೀರೆಂದೂ ಕರೆಯುತ್ತದೆ. ಅದರ ಜೊತೆಗೆ ಇನ್ನೂ ಎರಡು ಮಾತುಗಳನ್ನು ಸೇರಿಸುತ್ತದೆ. ಮಳೆಯನ್ನು ಒಂದು ಅಳತೆಗೆ ಅನುಸಾರವಾಗಿ ಇಳಿಸಲಾಗಿದೆ ಎಂಬುದು ಮುಅ್‌ಮಿನೂನ್ ಮತ್ತು ಝುಖ್ರುಫ್ ಅಧ್ಯಾಯಗಳಲ್ಲಿದೆ. ಅಲ್ಲಾಹನು ಇಚ್ಛಿಸಿದ್ದರೆ ಕುಡಿಯುವ ಈ ನೀರನ್ನೇ ಬಾಯಿಗಿಡಲಾಗದಂತೆ ಕಹಿಯಾಗಿಸಬಹುದಿತ್ತು ಎಂಬ ಎಚ್ಚರಿಕೆ ವಾಕಿಅಃ ಅಧ್ಯಾಯದಲ್ಲಿದೆ. ಅಳತೆ ಎಂದೊಡನೆ ನಮಗೆ ಇಂಚು, ಮಿಲಿಮೀಟರುಗಳ ಲೆಕ್ಕ ನೆನಪಾಗುತ್ತದೆ. ಮಳೆಹನಿಯ ಒಳಗೇ ಇರುವ ಅಳತೆಯೊಂದಿದೆ. ಅದು ಆಮ್ಲದ ಅಳತೆ.

ಮಳೆನೀರು ಸಂಪೂರ್ಣ ತಟಸ್ಥವೆಂಬುದು ಸಾಮಾನ್ಯ ತಿಳಿವಳಿಕೆ. ಅದು ಸರಿಯಲ್ಲ. ಬೀಳುವ ಹನಿಯು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸೌಮ್ಯವಾದ ಕಾರ್ಬೋನಿಕ್ ಆಮ್ಲವಾಗುತ್ತದೆ. ಡೆನ್ಮಾರ್ಕಿನ ಸೋರೆನ್ಸೆನ್ 1909ರಲ್ಲಿ ರೂಪಿಸಿದ ಪಿಎಚ್ ಮಾನದಲ್ಲಿ ತಟಸ್ಥ ನೀರಿನ ಅಂಕ 7, ಯಾವ ಮಾಲಿನ್ಯವೂ ಇಲ್ಲದ ಮಳೆಯದ್ದು ಸುಮಾರು 5.6. ಈ ಮಾನದಲ್ಲಿ ಒಂದು ಅಂಕ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ.

ಈ ಸೌಮ್ಯ ಆಮ್ಲವೇ ತುಳುನಾಡಿನ ನೆಲವನ್ನು ರೂಪಿಸಿದೆ. ಲಕ್ಷಾಂತರ ವರ್ಷ ಸುರಿದ ಮಳೆಯು ಬಂಡೆಯೊಳಗಿನ ಸುಣ್ಣದ ಅಂಶ, ಮೆಗ್ನೀಸಿಯಂ ಮತ್ತು ಸಿಲಿಕಾವನ್ನು ಕರಗಿಸಿ ಕಡಲಿಗೆ ಒಯ್ದಿತು. ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಇಲ್ಲೇ ಉಳಿದು ಕೆಂಪಾಯಿತು. ಅದುವೇ ನಮ್ಮ ಮುರಕಲ್ಲು. ನಮ್ಮ ಮನೆಗಳ, ಮಸೀದಿಗಳ ಗೋಡೆಗಳೂ ಬಾವಿಯ ಕಟ್ಟೆಗಳೂ ಅದರವೇ. ಕಂಪನಿ ಸರಕಾರದ ಪರವಾಗಿ ಮೈಸೂರು, ಕೆನರಾ, ಮಲಬಾರುಗಳನ್ನು 1800-01ರಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರಂನಲ್ಲಿ ಈ ಕಲ್ಲನ್ನು ಗಮನಿಸಿ, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಮೂಡುಬಿದಿರೆಯ ಪೂರ್ವಿಕರು ಈ ಕಲ್ಲಿನ ಸ್ವಭಾವವನ್ನು ಹೆಸರಿನ ಹಂಗಿಲ್ಲದೆಯೇ ಅರಿತಿದ್ದರು. 1430ರ ಸಾವಿರ ಕಂಬದ ಬಸದಿಯಲ್ಲಿ ಕಂಬಗಳಿಗೆ ಗಟ್ಟಿ ಶಿಲೆಯನ್ನು ಬಳಸಿ, ಮೇಲೆ ಇಳಿಜಾರು ಮಾಡನ್ನು ಹೊರಚಾಚಿ ಮಳೆಯನ್ನು ಗೋಡೆಯಿಂದ ದೂರವಿರಿಸಿದರು. ಕರಾವಳಿಯ ಹಳೆಯ ಮಸೀದಿಗಳ ಮಾಡಿನ ರೀತಿಯೂ ಅದೇ. ಆರಾಧನೆ ಬೇರೆಯಾದರೂ ಮಳೆ ಒಂದೇ ತಾನೆ!

ಸುಣ್ಣದ ಅಂಶವನ್ನು ಮಳೆಯೇ ಒಯ್ದ ಮೇಲೆ ಉಳಿದ ಮಣ್ಣು ಹುಳಿಯಾಗಿರುವುದು ಸಹಜ. ತೋಟಕ್ಕೆ ಸುಣ್ಣ ಹಾಕಬೇಕೆಂದು ಕೃಷಿ ಇಲಾಖೆ ಹೇಳುತ್ತಲೇ ಬಂದಿರುವುದು ಇದಕ್ಕಾಗಿ. ಆದರೆ ಆಮ್ಲ ಮತ್ತು ಸುಣ್ಣದ ನಿಜವಾದ ಪಂದ್ಯ ನಡೆಯುವುದು ಮಣ್ಣಿನಲ್ಲಲ್ಲ, ಅಡಿಕೆಗೊನೆಯ ಮೇಲೆ.

ಕೊಳೆರೋಗವನ್ನು ಕೆಲವೆಡೆ ಮಹಾಳಿ ಎಂದೂ ಕರೆಯುತ್ತಾರೆ. ಮಲೆನಾಡಿನವರು ಹುಲ್ಲಿನ ಕೊಟ್ಟೆ ಹೆಣೆದು ಗೊನೆಗೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ, ಫೈಟಾಫ್ತೊರಾ ಎಂಬ ಶಿಲೀಂಧ್ರಸದೃಶ ಜೀವಿಯೇ ಇದರ ಮೂಲವೆಂದು 1910ರಲ್ಲಿ ಪ್ರಕಟಿಸಿದರು. ಬೋರ್ಡೊ ದ್ರಾವಣ ಸಿಂಪಡಿಸುವುದೇ ಇದಕ್ಕೆ ಪರಿಹಾರವೆಂದು ಅವರು ತೋರಿಸಿದರು. ಮಳೆಯಲ್ಲಿ ದ್ರಾವಣ ತೊಳೆದುಹೋಗದಂತೆ ರಾಳ ಮತ್ತು ಸೋಡಾ ಬೆರೆಸುವ ಉಪಾಯವನ್ನೂ ಹೇಳಿಕೊಟ್ಟರು. ಆ ದ್ರಾವಣದ ಜನ್ಮಕಥೆ ಸ್ವಾರಸ್ಯಕರವಾಗಿದೆ. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರೈತರು ರಸ್ತೆಬದಿಯ ಬಳ್ಳಿಗಳಿಗೆ ತುತ್ತು ಮತ್ತು ಸುಣ್ಣದ ನೀಲಿ ನೀರನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಗಲಿಲ್ಲವೆಂಬುದನ್ನು ಪ್ರೊಫೆಸರ್ ಮಿಲ್ಲಾರ್ಡೆ 1882ರಲ್ಲಿ ಕಂಡು 1885ರಲ್ಲಿ ಲೋಕಕ್ಕೆ ತಿಳಿಸಿದರು. ಹಾಗೆ ಕಳ್ಳರಿಗೆಂದು ಬಳಿದ ನೀರು ನಮ್ಮ ಅಡಿಕೆಯನ್ನು ಕಾಯಲು ಬಂತು.

ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತುತ್ತನ್ನು ಬೇರೆ, ಸುಣ್ಣವನ್ನು ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಬಳಿಕ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನೋ ಚೂರಿಯನ್ನೋ ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ಎತ್ತಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಆಮ್ಲ ಇನ್ನೂ ಉಳಿದಿದೆ ಎಂದರ್ಥ, ಮತ್ತಷ್ಟು ಸುಣ್ಣ ಬೇಕು. ಆ ಪರೀಕ್ಷೆ ಮಾಡದೆ ಹೊಡೆದರೆ ಎಳೆಗಾಯಿ ಸುಟ್ಟುಹೋಗುತ್ತದೆ. ಸುಣ್ಣ ಸೇರಿದಾಗ ತಾಮ್ರವು ಕರಗದ ನೀಲಿ ಪುಡಿಯಾಗಿ ಕಾಯಿಗೆ ಅಂಟಿಕೊಳ್ಳುತ್ತದೆ. ಮೇಲೆ ಬೀಳುವ ಮಳೆಯ ಸೌಮ್ಯ ಆಮ್ಲವು ಅದರಿಂದ ತಾಮ್ರವನ್ನು ಸ್ವಲ್ಪಸ್ವಲ್ಪವೇ ಬಿಡಿಸುತ್ತದೆ. ಹೀಗೆ ರೋಗವನ್ನು ಹರಡುವ ಮಳೆಯೇ ಔಷಧವನ್ನೂ ಹನಿಹನಿಯಾಗಿ ಬಡಿಸುತ್ತದೆ. ಮಳೆಗಾಲದ ಆರಂಭದಲ್ಲೊಮ್ಮೆ, ನಲವತ್ತು ನಲವತ್ತೈದು ದಿನಗಳ ಬಳಿಕ ಇನ್ನೊಮ್ಮೆ ಸಿಂಪಡಿಸುವ ರೂಢಿಯ ಹಿಂದೆ ಈ ರಹಸ್ಯವಿದೆ.

ಮೈಲುತುತ್ತು ಎಂಬ ಪದವೂ ದೂರ ಸಂಚರಿಸಿದೆ. ನವಿಲಿನ ಬಣ್ಣದ ತುತ್ಥ ಎಂಬುದು ಅದರ ಮೂಲಾರ್ಥ. ಸಂಸ್ಕೃತದ ಈ ತುತ್ಥವೇ ಪಾರಸಿಯ ಮೂಲಕ ಅರಬಿಯ ತೂತಿಯಾ ಆಯಿತೆಂಬುದು ನಿಘಂಟುಕಾರರಲ್ಲಿ ಹೆಚ್ಚಿನವರ ಅಭಿಪ್ರಾಯ. ಅರಬಿಯಲ್ಲಿ ಅದು ಮುಖ್ಯವಾಗಿ ಸತುವಿನ ಭಸ್ಮವನ್ನು ಸೂಚಿಸಿ ಕಣ್ಣಿನ ಔಷಧಗಳಲ್ಲಿ ಸೇರಿತು. ತಾಮ್ರ, ಕಬ್ಬಿಣಗಳ ತುತ್ತುಗಳಿಗೆ ಅರಬರು ಝಾಜ್ ಎಂದು ಹೆಸರಿಟ್ಟರು. ಕ್ರಿ.ಶ. 925ರ ಸುಮಾರಿಗೆ ನಿಧನರಾದ ಅಬೂಬಕರ್ ಅಲ್ ರಾಝಿ ಖನಿಜಗಳನ್ನು ಆರು ವರ್ಗಗಳಾಗಿ ವಿಂಗಡಿಸಿ, ಝಾಜ್‌ಗಳಿಗೆ ಪ್ರತ್ಯೇಕ ವರ್ಗವನ್ನೇ ಮೀಸಲಿಟ್ಟರು. ಅವನ್ನು ಕಾಯಿಸಿ ಭಟ್ಟಿಯಿಳಿಸುವ ವಿಧಾನಗಳನ್ನೂ ಬರೆದರು. ಮುಂದೆ ಯುರೋಪಿನವರು ಗಂಧಕಾಮ್ಲವನ್ನು ಪಡೆದದ್ದು ಇದೇ ತುತ್ತನ್ನು ಭಟ್ಟಿಯಿಳಿಸಿ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಎಲ್ಲ ಆಮ್ಲಗಳನ್ನೂ ಜಾಬಿರ್ ಬಿನ್ ಹಯ್ಯಾನ್ ಕಂಡುಹಿಡಿದರೆಂದು ನಮ್ಮ ಭಾಷಣಗಳಲ್ಲಿ, ಮಕ್ಕಳ ಪುಸ್ತಕಗಳಲ್ಲಿ ಸಲೀಸಾಗಿ ಹೇಳಲಾಗುತ್ತದೆ. ನೈಟ್ರಿಕ್ ಆಮ್ಲದ ಪ್ರಸಿದ್ಧ ವಿವರಣೆ ಇರುವುದು ಗೇಬರ್ ಎಂಬ ಹೆಸರಿನ ಲ್ಯಾಟಿನ್ ಗ್ರಂಥದಲ್ಲಿ, ಸುಮಾರು 1300ರಲ್ಲಿ. ಅದು ಜಾಬಿರ್ ಅವರ ಕೃತಿಯಲ್ಲ, ಅವರ ಕೀರ್ತಿಯನ್ನು ಎರವಲು ಪಡೆದ ಯುರೋಪಿನ ಲೇಖಕನದು ಎಂಬುದು ಹೆಚ್ಚಿನ ಸಂಶೋಧಕರ ನಿಲುವು. ಜಾಬಿರ್ ಹೆಸರಿನ ಅರಬಿ ಗ್ರಂಥರಾಶಿಯೂ ಒಬ್ಬರೇ ಬರೆದುದಲ್ಲವೆಂದು ಪಾಲ್ ಕ್ರೌಸ್ ವಾದಿಸಿದ್ದಾರೆ. ಅರಬಿಯಲ್ಲಿಯೇ ಹಳೆಯ ಪಾಠಗಳಿವೆ ಎಂದು ಅಹ್ಮದ್ ಅಲ್ ಹಸನ್‌ರಂಥವರು ಪ್ರತಿವಾದ ಹೂಡಿದ್ದಾರೆ. ವಾದ ಮುಗಿದಿಲ್ಲ. ವರದಿಯ ಸನದನ್ನು ಒಬ್ಬೊಬ್ಬ ವರದಿಗಾರನವರೆಗೆ ಜಾಲಾಡಿದ ಸಮುದಾಯ ತನ್ನದೇ ವಿಜ್ಞಾನ ಚರಿತ್ರೆಯಲ್ಲಿ ಸನದಿಲ್ಲದ ಮಾತನ್ನು ಹರಡುವುದು ನನಗೆ ಸರಿಯೆನಿಸುವುದಿಲ್ಲ. ಭಟ್ಟಿಯ ಅಲ್ ಅಂಬೀಕ್, ಕ್ಷಾರದ ಅಲ್ ಕಲಿ ಎಂಬ ಪದಗಳನ್ನು ಇಡೀ ಜಗತ್ತು ಇಂದಿಗೂ ಬಳಸುತ್ತಿದೆ. ಆ ಸಾಕ್ಷ್ಯವನ್ನು ಯಾರೂ ಅಲ್ಲಗಳೆಯಲಾರರು.

ಆಮ್ಲದ ಸಹವಾಸ ಗ್ರಂಥಗಳಿಗೂ ತಟ್ಟಿತು. ಝಾಜ್ ಮತ್ತು ಮಾಚಿಕಾಯಿಯಿಂದ ಮಾಡಿದ ಹಿಬ್ರ್ ಎಂಬ ಶಾಯಿ ಅಚ್ಚಳಿಯದ ಕಪ್ಪು. ಆದರೆ ಅದರೊಳಗಿನ ಆಮ್ಲವು ಶತಮಾನಗಳಲ್ಲಿ ಕಾಗದವನ್ನೇ ತಿಂದು, ಅಕ್ಷರವಿದ್ದಲ್ಲಿ ತೂತು ಉಳಿಸುತ್ತದೆ. ದೀಪದ ಮಸಿಯಿಂದ ಮಾಡಿದ ಮಿದಾದ್ ಹಾಗಲ್ಲ. ಕಂಟದಿಂದ ಕೊರೆದು ಕಾಡಿಗೆ ಸವರುತ್ತಿದ್ದ ತುಳುನಾಡಿನ ತಾಳೆಗರಿಗೆ ಗೆದ್ದಲು ಮತ್ತು ತೇವದ ಭಯವಿತ್ತೇ ಹೊರತು ಶಾಯಿಯ ಭಯವಿರಲಿಲ್ಲ.

ಅಳತೆ ಮೀರಿದ ಕಥೆ ಶುರುವಾದದ್ದು ಮ್ಯಾಂಚೆಸ್ಟರಿನಲ್ಲಿ. ಅಲ್ ಕಲಿಯ ಹೆಸರು ಹೊತ್ತ ಆಲ್ಕಲಿ ಕಾರ್ಖಾನೆಗಳೇ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯನ್ನು ಉಗುಳುತ್ತಿದ್ದವು. ಕಲ್ಲಿದ್ದಲಿನ ಗಂಧಕ ಅದಕ್ಕೆ ಜೊತೆಯಾಯಿತು. 1863ರ ಆಲ್ಕಲಿ ಕಾನೂನಿನಡಿ ತನಿಖಾಧಿಕಾರಿಯಾದ ರಾಬರ್ಟ್ ಆಂಗಸ್ ಸ್ಮಿತ್ 1872ರ ತಮ್ಮ ಗ್ರಂಥದಲ್ಲಿ ಅಂತಹ ಮಳೆಯನ್ನು ಆಮ್ಲಮಳೆ ಎಂದು ಕರೆದರು. ಸ್ವೀಡನ್ನಿನ ಸ್ವಾಂತೆ ಓಡೆನ್ 1960ರ ದಶಕದ ಕೊನೆಯಲ್ಲಿ ತಮ್ಮ ನಾಡಿನ ಸರೋವರಗಳ ಹುಳಿಗೆ ದೂರದ ದೇಶಗಳ ಹೊಗೆ ಕಾರಣವೆಂದು ತೋರಿಸುವವರೆಗೆ ಅವರ ಮಾತಿಗೆ ಕಿವಿಗೊಟ್ಟವರು ಕಡಿಮೆ. ನಮ್ಮ ದೇಶದಲ್ಲಿ ಈ ಚರ್ಚೆ ತಾಜ್ ಮಹಲಿನಿಂದ ಮನೆಮಾತಾಯಿತು. ಗಂಧಕದ ಆಮ್ಲ ತಗಲಿದ ಅಮೃತಶಿಲೆ ಜಿಪ್ಸಂ ಆಗಿ ಉದುರುತ್ತದೆ. 1996ರ ಡಿಸೆಂಬರ್ 30ರಂದು ಸರ್ವೋಚ್ಚ ನ್ಯಾಯಾಲಯವು 292 ಕೈಗಾರಿಕೆಗಳು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು, ಇಲ್ಲವೇ ಆ ವಲಯದಿಂದ ಹೊರಡಬೇಕು ಎಂದು ಆಜ್ಞಾಪಿಸಿತು.

ಆಮ್ಲಮಳೆಯಲ್ಲಿ ನೆನೆದರೆ ಚರ್ಮ ಸುಡುತ್ತದೆಯೇ ಎಂದು ಮಕ್ಕಳು ಕೇಳುವುದುಂಟು. ಇಲ್ಲ, ನಿಂಬೆರಸ ಅದಕ್ಕಿಂತ ಎಷ್ಟೋ ಪಟ್ಟು ಹುಳಿ. ಅಪಾಯವಿರುವುದು ಆ ಮಳೆಗೆ ಕಾರಣವಾದ ಅನಿಲ ಮತ್ತು ಸೂಕ್ಷ್ಮ ಕಣಗಳನ್ನು ಉಸಿರಾಡುವುದರಲ್ಲಿ, ಹುಳಿನೀರು ಕೊಳವೆಗಳಿಂದ ಸೀಸ, ತಾಮ್ರಗಳನ್ನು ಕರಗಿಸುವುದರಲ್ಲಿ. ತೋಟದಲ್ಲಿ ಮತ್ತು ಮನೆಯಲ್ಲಿ ಇದಕ್ಕಿಂತ ಹತ್ತಿರದ ಅಪಾಯ ಸುಣ್ಣದ್ದೇ. ಎಲೆಅಡಿಕೆಯ ಸುಣ್ಣದ ಪೊಟ್ಟಣ ಒಡೆದು ಮಕ್ಕಳ ಕಣ್ಣು ಹೋದ ಪ್ರಕರಣಗಳನ್ನು ನೇತ್ರವೈದ್ಯರು ದಾಖಲಿಸಿದ್ದಾರೆ. ಆಮ್ಲಕ್ಕಿಂತ ಕ್ಷಾರವು ಕಣ್ಣಿನ ಒಳಗೆ ಆಳವಾಗಿ ಇಳಿಯುತ್ತದೆ. ತುತ್ತು ಬಿದ್ದರೂ ಸುಣ್ಣ ಬಿದ್ದರೂ ಒಂದನ್ನು ಇನ್ನೊಂದರಿಂದ ಶಮನಗೊಳಿಸಲು ಹೋಗದೆ, ಇಪ್ಪತ್ತು ನಿಮಿಷವಾದರೂ ಶುದ್ಧ ನೀರು ಹರಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಉತ್ತರ ಭಾರತದ ಗಾಳಿಯಲ್ಲಿ ತೇಲುವ ಧೂಳಿನಲ್ಲಿ ಸುಣ್ಣದ ಅಂಶವಿರುವುದರಿಂದ ಅಲ್ಲಿನ ಮಳೆಯ ಹುಳಿ ಬಹುಮಟ್ಟಿಗೆ ತಗ್ಗುತ್ತದೆ. ನಮ್ಮ ಆಟಿಯ ಗಾಳಿಯಲ್ಲಿ ಧೂಳೇ ಇಲ್ಲ, ಮೊದಲ ಮಳೆಗಳೇ ಅದನ್ನು ತೊಳೆದಿರುತ್ತವೆ. ಮಂಗಳೂರಿನ ಬಳಿ ತೈಲ ಶುದ್ಧೀಕರಣಾಗಾರ, ಪಡುಬಿದ್ರಿಯ ಬಳಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇರುವ ಈ ಸೀಮೆಯಲ್ಲಿ ಚಿಮಣಿಯ ಗಂಧಕದ ಪ್ರಶ್ನೆ ಆದುದರಿಂದ ಪರವೂರಿನದ್ದಲ್ಲ. ಅದನ್ನು ಹಿಡಿದಿಡುವ ಯಂತ್ರದೊಳಗೆ ಸಾಮಾನ್ಯವಾಗಿ ಸಿಂಪಡಿಸುವುದು ಸುಣ್ಣಕಲ್ಲಿನ ನೀರನ್ನೇ, ಹೊರಬರುವುದು ಜಿಪ್ಸಂ. ತಾಜ್‌ನ ಗೋಡೆಯ ಮೇಲಾಗುತ್ತಿದ್ದುದು ಚಿಮಣಿಯೊಳಗೇ ಆಗಿ ಮುಗಿಯುತ್ತದೆ. ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಕಲ್ಲಿದ್ದಲು ಸ್ಥಾವರಗಳ ಗಂಧಕದ ಹೊಗೆಗೆ ಮಿತಿ ವಿಧಿಸಿತು. ಗಡುವನ್ನು ಮತ್ತೆಮತ್ತೆ ಮುಂದೂಡಿ, 2025ರ ಜುಲೈಯಲ್ಲಿ ಹೆಚ್ಚಿನ ಸ್ಥಾವರಗಳಿಗೆ ಆ ಯಂತ್ರದಿಂದ ವಿನಾಯಿತಿಯನ್ನೇ ನೀಡಿತು. ಅದೇ ಜುಲೈಯಲ್ಲಿ ಇಲ್ಲಿ ಅಡಿಕೆಗೆ ಎರಡನೆಯ ಸಿಂಪಡಣೆಯ ಹೊತ್ತು. ಮಳೆ ಎರಡು ದಿನ ಹೊಳವಾಗಲೆಂದು ಬೇಡುತ್ತಾ ಕೃಷಿಕರು ಪೀಪಾಯಿಯ ನೀಲಿ ನೀರಿಗೆ ಚೂರಿ ಅದ್ದಿ ಎತ್ತಿ, ಅಲಗು ಕೆಂಪಾಗಿದೆಯೇ ಎಂದು ನೋಡುತ್ತಿದ್ದರು.